ಜಮೀನು ನಮ್ಮದು, ಲೆಕ್ಕ ಯಾರಿಗೆ?

ಕಾರ್ಡಿಫ್‌ನಲ್ಲಿ ನೆಲೆಸಿರುವ ಓದುಗರೊಬ್ಬರು ಬರೆದಿದ್ದಾರೆ: ಪಶ್ಚಿಮ ವೇಲ್ಸ್‌ನಲ್ಲಿ ಐದಾರು ಎಕರೆ ಕೊಂಡು ಮನೆ ಕಟ್ಟಿಕೊಳ್ಳುವ ಆಸೆ. ಭೂಮಿಗೆ ಹೊರೆಯಾಗದಂತೆ ಬದುಕುವವರಿಗೆ ಬಯಲಲ್ಲಿ ಮನೆಗೆ ಅವಕಾಶ ಕೊಡುವ 'ಒನ್ ಪ್ಲಾನೆಟ್ ಡೆವಲಪ್‌ಮೆಂಟ್' ನೀತಿಯಡಿ ಅರ್ಜಿ ಹಾಕಿ ಅಂದರು. ನೋಡಿದರೆ ಏನು ತಿನ್ನುತ್ತೀರಿ, ಕಾರು ಎಷ್ಟು ಓಡಿಸುತ್ತೀರಿ ಅಂತೆಲ್ಲ ಕೇಳುತ್ತಾರೆ. ದುಡ್ಡು ನಮ್ಮದು, ಜಮೀನು ನಮ್ಮದು. ಸರ್ಕಾರಕ್ಕೆ ಇದೆಲ್ಲ ಯಾಕೆ?

ನಿಮ್ಮ ಬೇಸರ ಅರ್ಥವಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ವೇಲ್ಸ್ ಸರ್ಕಾರದ ಪರ.

ಬ್ರಿಟನ್‌ನಲ್ಲಿ 1947ರ ನಗರ-ಗ್ರಾಮ ಯೋಜನಾ ಕಾಯ್ದೆಯಿಂದೀಚೆಗೆ ಜಮೀನು ಇದ್ದ ಮಾತ್ರಕ್ಕೆ ಮನೆ ಕಟ್ಟುವ ಹಕ್ಕು ಬರುವುದಿಲ್ಲ. ಊರಾಚೆಯ ಬಯಲಲ್ಲಂತೂ ಅನುಮತಿ ಅಪರೂಪ. ದನಕರು ನೋಡಿಕೊಳ್ಳಲು ಅಲ್ಲೇ ಇರಬೇಕು ಅನ್ನುವಂಥ ಗಟ್ಟಿ ಕಾರಣ ಬೇಕು. ಆ ಜಮೀನು ನಿಮ್ಮ ಕೈಗೆಟುಕುವ ಬೆಲೆಗೆ ಸಿಗುತ್ತಿರುವುದೂ ಅದಕ್ಕೇ ಅಲ್ವಾ? ಮನೆಗೆ ಅನುಮತಿ ಸಿಕ್ಕರೆ ಬೆಲೆ ಹಲವು ಪಟ್ಟು ಏರುತ್ತದೆ. ಆ ಏರಿಕೆ ನಿಮ್ಮ ದುಡಿಮೆಯಿಂದ ಬಂದದ್ದಲ್ಲ, ಎಲ್ಲರ ಪರವಾಗಿ ಸರ್ಕಾರ ಕೊಟ್ಟದ್ದು. ಕೊಡುವಾಗ ಷರತ್ತು ಹಾಕುವುದು ನ್ಯಾಯವೇ.

ಇದು ಲಂಡನ್ನಿನ ನಿಯಮವೂ ಅಲ್ಲ. 1999ರಲ್ಲಿ ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ಗೆ ಲಂಡನ್ನಿನಿಂದ ಅಧಿಕಾರ ಬಂದಾಗ ಎಲ್ಲಿ ಏನು ಕಟ್ಟಬಹುದು ಅನ್ನುವ ಪ್ಲಾನಿಂಗ್ ನೀತಿಯೂ ಜತೆಗೇ ಬಂತು. ಆದರೆ ಈ ನೀತಿಯ ಬೇರು ಇರುವುದು ಇನ್ನೂ ಕೆಳಹಂತದಲ್ಲಿ, ಪಶ್ಚಿಮ ವೇಲ್ಸ್‌ನ ಒಂದು ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ), ಪೆಂಬ್ರೋಕ್‌ಶೈರ್‌ನಲ್ಲಿ. ಭೂಮಿಗೆ ಹೊರೆಯಾಗದಂತೆ ಬದುಕುವವರಿಗೆ ಬಯಲಲ್ಲೂ ಮನೆಗೆ ಅವಕಾಶ ಕೊಡಬಹುದು ಅಂತ 2006ರಲ್ಲಿ ಆ ಕೌಂಟಿ ನಿಯಮ ಮಾಡಿತು. ಅದನ್ನು ನಂಬಿ ಗ್ಲಾನ್‌ಡೂರ್ ಹಳ್ಳಿಯ ಹತ್ತಿರ 76 ಎಕರೆಯಲ್ಲಿ ಒಂಬತ್ತು ಮನೆಗಳ 'ಲಾಮಸ್' ಗುಂಪು ಅರ್ಜಿ ಹಾಕಿತು. ಕೌಂಟಿಯೇ ತಿರಸ್ಕರಿಸಿತು. ಕೊನೆಗೆ 2009ರಲ್ಲಿ ಮೇಲ್ಮನವಿಯಲ್ಲಿ ಅನುಮತಿ ಸಿಕ್ಕಿತು. ಷರತ್ತು ಏನು ಗೊತ್ತಾ? ಐದು ವರ್ಷದೊಳಗೆ ಮನೆಯ ಅಗತ್ಯಗಳಲ್ಲಿ 75% ಆ ನೆಲದಿಂದಲೇ ಬರಬೇಕು. ಕುರಿ ಮೇಯುತ್ತಿದ್ದ ಆ ಬೋಳು ಇಳಿಜಾರಿನಲ್ಲಿ ತರಕಾರಿ ಮಡಿಗಳು ಬಂದವು, ಹಣ್ಣಿನ ಗಿಡಗಳು ಬಂದವು. ಹರಿಯುವ ನೀರಿನಿಂದ ಕರೆಂಟೂ ಬಂತು. ಮರುವರ್ಷ, 2010ರಲ್ಲಿ, ಕಾರ್ಡಿಫ್ ಇಂಥದೇ ಆದ ಈ 'ಒನ್ ಪ್ಲಾನೆಟ್' ನೀತಿಯನ್ನು ಇಡೀ ವೇಲ್ಸ್‌ಗೆ ತಂದಿತು. ಇಂಗ್ಲೆಂಡಿನಲ್ಲಿ ಇಂಥ ದೇಶಮಟ್ಟದ ನೀತಿ ಇಲ್ಲ.

ಇನ್ನು ನಿಮ್ಮನ್ನು ಚುಚ್ಚಿದ ಆ ಪ್ರಶ್ನೆಗಳು. ಒಬ್ಬ ಮನುಷ್ಯ ಬಳಸುವ ಎಲ್ಲಕ್ಕೂ ಎಷ್ಟು ನೆಲ ಬೇಕು ಅನ್ನುವುದನ್ನು ಗ್ಲೋಬಲ್ ಹೆಕ್ಟೇರ್‌ನಲ್ಲಿ ಅಳೆಯುತ್ತಾರೆ. ನೀತಿ ಬಂದಾಗ ವೇಲ್ಸ್‌ನ ಸರಾಸರಿ 4.41 ಇತ್ತು. ಇಂಥ ಮನೆಯವರು ಮೊದಲು 2.4ಕ್ಕೆ ಇಳಿಯಬೇಕು, ಮುಂದೆ 1.88ರ ಕಡೆಗೆ ಸಾಗಬೇಕು. ಊಟ, ಓಡಾಟ ಬಿಟ್ಟು ಇದನ್ನು ಲೆಕ್ಕ ಹಾಕುವುದು ಹೇಗೆ? ವರ್ಷಕ್ಕೊಮ್ಮೆ ವರದಿ ಕೊಡಬೇಕು. ಅದೊಂದೇ ನಿಮ್ಮ ವಾಸದ ಮನೆಯಾಗಿರಬೇಕು. ಮಾತು ಉಳಿಸಿಕೊಳ್ಳಲು ಆಗದಿದ್ದರೆ ಮನೆ ತೆಗೆದು ನೆಲವನ್ನು ಮೊದಲಿನಂತೆ ಮಾಡಬೇಕು. ಈ ಬಿಗಿ ಇಲ್ಲದಿದ್ದರೆ ಪೆಂಬ್ರೋಕ್‌ಶೈರ್‌ನ ಗುಡ್ಡಗಳ ತುಂಬ ವೀಕೆಂಡ್ ಬಂಗಲೆಗಳೇ ಏಳುತ್ತಿದ್ದವು. ಬೆಂಗಳೂರಿನ ಸುತ್ತಮುತ್ತ ಫಾರ್ಮ್‌ಹೌಸ್‌ಗಳು ಎದ್ದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಒಂದು ಆಕ್ಷೇಪಣೆಯನ್ನು ಮಾತ್ರ ನಾನು ತಳ್ಳಿಹಾಕಲಾರೆ. ಅಲ್ಲೇ ಹುಟ್ಟಿ ಬೆಳೆದ ರೈತರ ಮಕ್ಕಳಿಗೆ ಅಪ್ಪನ ಹೊಲದಲ್ಲೇ ಮನೆ ಕಟ್ಟಲು ಅನುಮತಿ ಸಿಗದೆ ಹೋಗಬಹುದು. ಹೊರಗಿಂದ ಬಂದವರು ದಪ್ಪ ಯೋಜನಾ ಪತ್ರ ಬರೆದುಕೊಟ್ಟು ಅನುಮತಿ ಪಡೆಯಬಹುದು. ಈ ನೋವು ನಿಜ. ಅದಕ್ಕೆ ನೀತಿಯನ್ನೇ ಕೈಬಿಡಬೇಕಿಲ್ಲ. ಅರ್ಜಿ ಬರೆಯಲು ಊರಿನ ಮಕ್ಕಳಿಗೆ ನೆರವು ಸಿಗಬೇಕು, ವರದಿಗಳನ್ನು ಓದಿ ಪರಿಶೀಲಿಸಲು ಕೌನ್ಸಿಲ್‌ಗಳಿಗೆ ಸಾಕಷ್ಟು ಜನ ಬೇಕು.

ನಿಮಗೆ ನನ್ನ ಸಲಹೆ ಇಷ್ಟೇ. ದುಡ್ಡು ಕೊಡುವ ಮೊದಲು ಈ ನೀತಿಯ ಬಗ್ಗೆ ವೇಲ್ಸ್ ಸರ್ಕಾರ ಹೊರತಂದ 2012ರ ಮಾರ್ಗದರ್ಶಿ ಓದಿ, ಕೌನ್ಸಿಲ್‌ನ ಪ್ಲಾನಿಂಗ್ ಅಧಿಕಾರಿಯ ಹತ್ತಿರ ಮಾತಾಡಿ. ಮನೆ ಅಲ್ಲಿ, ಕೆಲಸ ಕಾರ್ಡಿಫ್‌ನಲ್ಲಿ, ದಿನಾ ಕಾರಿನಲ್ಲಿ ಓಡಾಟ ಅನ್ನುವುದಾದರೆ ಈ ಅರ್ಜಿ ನಿಲ್ಲುವುದಿಲ್ಲ. ನೆಲದಲ್ಲೇ ದುಡಿದು ಬದುಕುವ ಮನಸ್ಸು ನಿಮಗೆ ಇದ್ದರೆ ಖಂಡಿತ ಹಾಕಿ.

— ಸಂಪಾದಕ