ಬಾಗಿಲಲ್ಲಿ 14 ದಿನ

ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಕೊಡಗಿನಿಂದ ಬಂದಿವೆ, ಮತ್ತು ಹೆಚ್ಚುಕಡಿಮೆ ಎಲ್ಲವೂ ದಿಕ್ಕಿಲ್ಲದ ನಾಯಿಗಳನ್ನು ನೋಡಿಕೊಳ್ಳುವ ಆಶ್ರಯ ಕೇಂದ್ರಗಳ ಕುರಿತಾಗಿವೆ. ಸರ್ಕಾರಿ ಪಶುವೈದ್ಯ ಸೇವೆಯಿಂದ ನಿವೃತ್ತನಾದ ಮೇಲೆ ಅಂಥದ್ದೊಂದು ಕೇಂದ್ರಕ್ಕೆ ವಾರದಲ್ಲಿ ಎರಡು ದಿನ ಹೋಗಿಬರುವವನಾದ್ದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಜೂನ್ ಮಳೆಯಲ್ಲಿ ನಮ್ಮ ತೋಟದ ಅಂಚಿನ ಮೋರಿಯಲ್ಲಿ ನಾಲ್ಕು ನಾಯಿಮರಿಗಳು ಸಿಕ್ಕಿದವು. ಕೇಂದ್ರಕ್ಕೆ ಒಯ್ದಾಗ ಅಲ್ಲಿಯವರು ಅವುಗಳನ್ನು ಬೇರೆ ನಾಯಿಗಳ ಹತ್ತಿರ ಬಿಡಲಿಲ್ಲ, ನಮ್ಮ ಮಕ್ಕಳಿಗೆ ಮುಟ್ಟಲೂ ಕೊಡಲಿಲ್ಲ. ಹಿಂದಿನ ಕೋಣೆಯೊಂದರಲ್ಲಿ ಕೂಡಿಹಾಕಿದರು. ಐದನೆಯ ದಿನ ಒಂದು ಮರಿ ಸತ್ತಿತೆಂದು ಫೋನ್ ಬಂತು. ಪ್ರೀತಿಯಿಂದ ನೋಡಿಕೊಂಡಿದ್ದರೆ ಅದು ಬದುಕುತ್ತಿರಲಿಲ್ಲವೇ?
- ಓದುಗರೊಬ್ಬರು, ನಾಪೋಕ್ಲು

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಅಲ್ಲಿಯವರು ಮಾಡಿದ್ದೇ ಸರಿ. ಹೊಸದಾಗಿ ಬಂದ ನಾಯಿ ಎಷ್ಟೇ ಆರೋಗ್ಯವಾಗಿ ಕಂಡರೂ ಅದನ್ನು 14 ದಿನ ಬೇರೆಯಾಗಿ ಇರಿಸುವುದು ಇಂಥ ಕೇಂದ್ರಗಳ ಮೊದಲ ಕಟ್ಟಳೆ. ಪಾರ್ವೊ ವೈರಸ್ ಹೊಕ್ಕ ಮರಿ ಸಾಮಾನ್ಯವಾಗಿ ಮೂರರಿಂದ ಏಳು ದಿನ, ಕೆಲವೊಮ್ಮೆ ಎರಡು ವಾರದವರೆಗೂ ಆಡಿಕೊಂಡು, ಉಂಡುಕೊಂಡು ಇರುತ್ತದೆ. ವಾಂತಿ ಮತ್ತು ರಕ್ತಮಿಶ್ರಿತ ಭೇದಿ ಕಾಣಿಸಿಕೊಳ್ಳುವ ಮೊದಲೇ ಅದರ ಮಲದಲ್ಲಿ ವೈರಸ್ ಹೊರಬೀಳತೊಡಗಿರುತ್ತದೆ. ಡಿಸ್ಟೆಂಪರ್ ರೋಗವೂ ಹೀಗೆಯೇ ಒಂದೆರಡು ವಾರ ಅಡಗಿದ್ದು, ಕಣ್ಣು ಮೂಗುಗಳ ಪಿಸುರಿನಿಂದ ಶುರುವಾಗಿ ಕೊನೆಗೆ ಸೆಳವಿನವರೆಗೆ ಹೋಗುತ್ತದೆ. ನಿಮ್ಮ ಮರಿಗೆ ಬಂದದ್ದು ಪಾರ್ವೊ ಆಗಿದ್ದರೆ ಅದು ಮೋರಿಯಲ್ಲಿದ್ದಾಗಲೇ ತಗುಲಿರುವ ಸಾಧ್ಯತೆ ಹೆಚ್ಚು. ಈ ವೈರಸ್ಸನ್ನು ನೇರವಾಗಿ ಕೊಲ್ಲುವ, ಎಲ್ಲೆಡೆ ಸಿಗುವ ಔಷಧಿ ನಮ್ಮ ಕೈಯಲ್ಲಿಲ್ಲ. ಡ್ರಿಪ್ ಹಾಕುವುದು, ವಾಂತಿ ನಿಲ್ಲಿಸುವುದು, ಕರುಳಿನ ಗಾಯದಿಂದ ರಕ್ತಕ್ಕೆ ಸೇರುವ ಬ್ಯಾಕ್ಟೀರಿಯಾಗಳನ್ನು ತಡೆಯಲು ಆ್ಯಂಟಿಬಯೋಟಿಕ್ ಕೊಡುವುದು ಮತ್ತು ಮೈ ಬೆಚ್ಚಗಿಡುವುದು, ಇಷ್ಟೇ ಚಿಕಿತ್ಸೆ. ಮೊದಲ ಮೂರು ನಾಲ್ಕು ದಿನ ದಾಟಿದ ಮರಿ ಬಹುಮಟ್ಟಿಗೆ ಉಳಿಯುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತವನಲ್ಲ. ಸುಮಾರು 20 ವರ್ಷಗಳ ಹಿಂದೆ, ರಾತ್ರಿಯಿಡೀ ಒಂಟಿಯಾಗಿ ಅಳುತ್ತಿದ್ದ ಹೊಸ ಮರಿಯೊಂದನ್ನು ನೋಡಲಾರದೆ, ಅಲ್ಲೇ ಇದ್ದ ಆರು ಮರಿಗಳ ಜೊತೆ ನಾನೇ ಮಲಗಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಏಳರಲ್ಲಿ ಎರಡು ಉಳಿದಿದ್ದವು. ಆಮೇಲೆ ಯಾವ ಮರಿ ಎಷ್ಟೇ ಅತ್ತರೂ ನಾನು ಕರಗಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಬಾಗಿಲು ಹಾಕಿ ಬರುತ್ತೇನೆ. ಒಟ್ಟಿಗೆ ಸಿಕ್ಕ ಒಂದೇ ತಾಯಿಯ ಮರಿಗಳನ್ನು ಮಾತ್ರ ಒಟ್ಟಿಗೇ ಇರಿಸಬಹುದು, ಏಕೆಂದರೆ ಅವುಗಳ ನಡುವೆ ಹಂಚಿಕೆಯಾಗಬೇಕಾದದ್ದು ಆಗಲೇ ಆಗಿಹೋಗಿರುತ್ತದೆ.

ಮಕ್ಕಳಿಗೆ ಮುಟ್ಟಲು ಕೊಡದಿದ್ದುದಕ್ಕೂ ಇದೇ ಕಾರಣ. ಪಾರ್ವೊ ಮನುಷ್ಯರಿಗೆ ಬರುವುದಿಲ್ಲ, ಆದರೆ ಚಪ್ಪಲಿ, ಕೈ, ಬಟ್ಟೆ, ನೀರಿನ ಬೋಗುಣಿಗಳ ಮೇಲೆ ಕುಳಿತು ಇನ್ನೊಂದು ನಾಯಿಯವರೆಗೆ ಹೋಗುತ್ತದೆ. ನೆರಳಿನ ತೇವದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ, ಮತ್ತು ಕಾಫಿ ತೋಟದ ನೆಲವೆಂದರೆ ನೆರಳು ಮತ್ತು ತೇವ ಎರಡೂ ತಾನೇ. ನಾವೆಲ್ಲ ನಂಬಿಕೊಂಡಿರುವ ಫಿನಾಯಿಲ್ ಇದರ ಮುಂದೆ ನೆಚ್ಚಲು ಬರುವುದಿಲ್ಲ. ಮೊದಲು ಸೋಪಿನಿಂದ ಕೊಳೆ ತೆಗೆದು, ಒಂದು ಪಾಲು ದ್ರವ ಬ್ಲೀಚಿಗೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಹಾಗೆಯೇ ಬಿಟ್ಟು ತೊಳೆಯಬೇಕು. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಕೊಳೆಯಲ್ಲೇ ಮುಗಿಯುತ್ತದೆ. ಕೆಲಸದ ಕ್ರಮಕ್ಕೂ ಒಂದು ಲೆಕ್ಕವಿದೆ: ಬೆಳಗ್ಗೆ ಮೊದಲು ಆರೋಗ್ಯವಂತ ಮರಿಗಳ ಗೂಡು, ಆಮೇಲೆ ದೊಡ್ಡ ನಾಯಿಗಳದು, ಅನಂತರ ಹೊಸದಾಗಿ ಬಂದವುಗಳದು, ಎಲ್ಲಕ್ಕೂ ಕೊನೆಗೆ ರೋಗಿಗಳದು. ಈ ಸಾಲನ್ನು ಹಿಂದುಮುಂದು ಮಾಡುವವರು ಎಷ್ಟೇ ಕನಿಕರದವರಾದರೂ ನಾನು ಅವರ ಕೈಗೆ ಪೊರಕೆ ಕೊಡುವುದಿಲ್ಲ.

ಉಳಿದ ಮೂರು ಮರಿಗಳ ಬಗ್ಗೆ ಹೇಳುವುದಾದರೆ, ಮನೆಯಲ್ಲಿ ಸಾಕುವ ಮರಿಗೆ ಆರರಿಂದ ಎಂಟು ವಾರಕ್ಕೆ ಆರಂಭಿಸುವ ಲಸಿಕೆಯನ್ನು ಕೇಂದ್ರಗಳಲ್ಲಿ ನಾಲ್ಕರಿಂದ ಆರು ವಾರಕ್ಕೇ ಆರಂಭಿಸಿ, ಎರಡು ಮೂರು ವಾರಕ್ಕೊಮ್ಮೆ ಪುನಃ ಪುನಃ ಕೊಡುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಉಳಿದಿರುವವರೆಗೆ ಲಸಿಕೆ ಹಿಡಿಯುವುದಿಲ್ಲ, ಆ ರಕ್ಷಣೆ ಯಾವ ವಾರ ಇಳಿಯುತ್ತದೆಂದು ಹೊರಗಿನಿಂದ ತಿಳಿಯುವುದೂ ಇಲ್ಲ. ಆದ್ದರಿಂದಲೇ ಇಷ್ಟು ಸಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಇನ್ನೊಂದು ಮಾತು. ನೀವು ಹಗಲಿನಲ್ಲಿ ಹೋಗಿ, ಮರಿಗಳು ಎಲ್ಲಿ ಸಿಕ್ಕಿದವೆಂದು ಹೇಳಿ, ಫೋನ್ ನಂಬರ್ ಕೊಟ್ಟು ಬಂದಿದ್ದೀರಿ. ರಾತ್ರಿ ಗೇಟಿನ ಬಳಿ ರಟ್ಟಿನ ಪೆಟ್ಟಿಗೆ ಇಟ್ಟು ಕಾರು ತಿರುಗಿಸಿಕೊಂಡು ಹೋಗುವವರೇ ನಮಗೆ ಹೆಚ್ಚು; ಬೆಳಗಾಗುವಷ್ಟರಲ್ಲಿ ಆ ಪೆಟ್ಟಿಗೆ ನೆನೆದು ಹಿಟ್ಟಾಗಿರುತ್ತದೆ, ಮರಿಗಳು ಹೊರಬಂದು ಒಳಗಿನ ನಾಯಿಗಳ ಮೂತಿಗೆ ಮೂತಿ ತಾಗಿಸಿ ಬಲೆಯ ಪಕ್ಕ ಕೂತಿರುತ್ತವೆ.

ಪ್ರಶ್ನೆ: ಕಕ್ಕಡ ತಿಂಗಳಿನ (ಜುಲೈ-ಆಗಸ್ಟ್) ಮಳೆಯಲ್ಲಿ ನಮ್ಮ ಮನೆಯ ಒಂದು ನಾಯಿಯನ್ನು ಒಣಗಿಸುವುದೇ ಕಷ್ಟ. ಹತ್ತಾರು ನಾಯಿಗಳಿರುವ ಕಡೆ ಏನು ಮಾಡುತ್ತಾರೆ?
- ಗೃಹಿಣಿಯೊಬ್ಬರು, ಸೋಮವಾರಪೇಟೆ

ಉತ್ತರ: ಕೊಡಗಿನ ಕೇಂದ್ರವೊಂದು ಮೈಸೂರಿನ ಅಥವಾ ಬೆಂಗಳೂರಿನ ಕೇಂದ್ರಕ್ಕಿಂತ ಬೇರೆಯಾಗುವುದು ಇಲ್ಲಿಯೇ. ಗೋಣಿಚೀಲ ಹಾಸುವುದನ್ನು ನಾವು ಮೇ ಕೊನೆಗೇ ನಿಲ್ಲಿಸುತ್ತೇವೆ, ಅದು ತೇವವನ್ನು ಹೀರಿಕೊಂಡು ಬಿಡುವುದೇ ಇಲ್ಲ. ಇಳಿಜಾರಾದ ಸಿಮೆಂಟು ನೆಲದಿಂದ ಅರ್ಧ ಅಡಿ ಮೇಲೆ ಹಲಗೆಯ ಮಂಚ, ಅದರ ಮೇಲೆ ಒಲೆಯ ಮನೆಯಲ್ಲಿ ಹಗ್ಗ ಕಟ್ಟಿ ಒಣಗಿಸಿದ ಹಳೆಯ ಬೆಡ್‌ಶೀಟು, ಅದೂ ದಿನಕ್ಕೊಂದು. ಈ ತಿಂಗಳಿನಲ್ಲಿ ನಾಯಿಗಳಿಗೆ ಸ್ನಾನವಿಲ್ಲ. ಕಾಲು, ಹೊಟ್ಟೆ, ಬೆರಳ ಸಂದುಗಳನ್ನು ಒರೆಸುವುದಷ್ಟೇ, ಏಕೆಂದರೆ ಶಿಲೀಂಧ್ರದ ಗಾಯ ಆರಂಭವಾಗುವುದು ಬೆರಳ ಸಂದಿಯಿಂದ.

ಮಳೆಗಾಲದಲ್ಲಿ ನಾನು ನಿಜವಾಗಿ ಹೆದರುವುದು ಇಲಿಜ್ವರಕ್ಕೆ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದ ನಾಯಿಗೂ, ನಾಯಿಯ ಮೂತ್ರದಿಂದ ಅದನ್ನು ತೊಳೆಯುವವರಿಗೂ ಇದು ಬರುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಆದಕಾರಣ ಅಕ್ಕಿಯನ್ನು ಮುಚ್ಚಳದ ಡ್ರಮ್ಮಿನಲ್ಲಿ ಇಡುವುದು, ರಾತ್ರಿ ಉಳಿದ ಅನ್ನವನ್ನು ಬೋಗುಣಿಯಲ್ಲೇ ಬಿಡದಿರುವುದು, ಕೆಲಸದವರಿಗೆ ಗಂಬೂಟು ಮತ್ತು ಗ್ಲೌಸು ಕೊಡುವುದು ನಾಯಿಯ ಆರೈಕೆಯ ಭಾಗವೇ ಆಗಿದೆ. ನಾಯಿಗಳಿಗೆ ಇದರ ಲಸಿಕೆಯಿದೆ, ಮೊದಲ ಸಲ ಎರಡು ಬಾರಿ ಕೊಟ್ಟು ಆಮೇಲೆ ವರ್ಷಕ್ಕೊಮ್ಮೆ ಕೊಡಬೇಕು. ಮಳೆ ಹಿಡಿಯುವ ಮೊದಲೇ ಅದನ್ನು ಮುಗಿಸುವುದು ಒಳ್ಳೆಯದು.

ಜಿಗಣೆಯ ವಿಷಯದಲ್ಲಿ ನಿಮಗೆ ಹೇಳಿಕೊಡಬೇಕಾದದ್ದಿಲ್ಲ. ಮೂಗಿನೊಳಗೆ ಹೊಕ್ಕು ಒಂದೇ ಹೊಳ್ಳೆಯಿಂದ ಪದೇ ಪದೇ ರಕ್ತ ಬರುತ್ತಿದ್ದರೆ ಮಾತ್ರ ಮನೆಯಲ್ಲಿ ಕೀಳಲು ಹೋಗದೆ ವೈದ್ಯರ ಬಳಿ ಕರೆದೊಯ್ಯಿರಿ. ಉಣ್ಣಿಯ ಕಾಟ ಮಳೆ ನಿಂತ ಮೇಲೆ ಏರುತ್ತದೆ. ಒಂದು ಹೆಣ್ಣು ಉಣ್ಣಿ ನಾಯಿಯ ಮೈಯಿಂದ ಇಳಿದು ಗೋಡೆಯ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಬಿರುಕುಗಳಿಗೆ ಸಿಮೆಂಟು ಮೆತ್ತದಿದ್ದರೆ ಮುಂದಿನ ತಿಂಗಳು ಪುನಃ ಅದೇ ಕಥೆ. ಒಸಡು ಬಿಳಿಚಿಕೊಂಡು, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣಿಯಿಂದ ಬರುವ ಜ್ವರದ ಗುರುತಾಗಿರಬಹುದು, ರಕ್ತಪರೀಕ್ಷೆಗೆ ತಡಮಾಡಬಾರದು. ತೋಟಕ್ಕೆಂದು ತಂದಿಟ್ಟ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಹಚ್ಚುವ ಪದ್ಧತಿ ತೋಟದ ಕಾರ್ಮಿಕರ ಕೆಲವು ಲೈನ್ ಮನೆಗಳಲ್ಲಿ ಮಾತ್ರವಲ್ಲ, ದೊಡ್ಡ ಬಂಗಲೆಗಳಲ್ಲೂ ಇದೆ. ಜೊಲ್ಲು ಸುರಿಸುತ್ತಾ ನಡುಗುತ್ತಾ ಬಂದ ಅಂಥ ನಾಯಿಗಳನ್ನು ನಾನು ನೋಡಿದ್ದೇನೆ.

ಪ್ರಶ್ನೆ: ನಮ್ಮ ಹೋಟೆಲಿನಲ್ಲಿ ಉಳಿಯುವ ಪಂದಿಕರಿ (ಹಂದಿಮಾಂಸದ ಪಲ್ಯ), ಮೂಳೆ, ಅನ್ನವನ್ನು ದಿನವೂ ಕೇಂದ್ರಕ್ಕೆ ಕೊಡುತ್ತೇನೆಂದರೂ ಅವರು ಬೇಡವೆಂದರು. ನಾಯಿಗೆ ಅದಕ್ಕಿಂತ ಏನು ಬೇಕು?
- ಹೋಟೆಲ್ ಮಾಲೀಕರು, ಗೋಣಿಕೊಪ್ಪ

ಉತ್ತರ: ಅನ್ನವನ್ನು ಅವರು ಸಂತೋಷದಿಂದ ತೆಗೆದುಕೊಳ್ಳಬೇಕಿತ್ತು. ಮಿಕ್ಕದ್ದು ಬೇಡವೇ. ಬೇಯಿಸಿದ ಮೂಳೆ ಚೂಪಾಗಿ ಸೀಳಿ ಕರುಳನ್ನು ಚುಚ್ಚುತ್ತದೆ, ಈರುಳ್ಳಿ ಬೆಳ್ಳುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಕೊಬ್ಬು ಹೆಚ್ಚಾದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಅನ್ನ ಅಥವಾ ರಾಗಿಗೆ ಕೋಳಿ, ಮೊಟ್ಟೆ, ಸಿಹಿಗುಂಬಳ ಸೇರಿಸಿ ದೊಡ್ಡವಕ್ಕೆ ದಿನಕ್ಕೆ ಎರಡು ಸಲ, ಮರಿಗಳಿಗೆ ನಾಲ್ಕು ಸಲ ಕೊಡುತ್ತೇವೆ. ವಾರಗಟ್ಟಲೆ ಹಸಿದು ಎಲುಬಾಗಿ ಬಂದ ನಾಯಿಗೆ ಮೊದಲ ದಿನವೇ ಹೊಟ್ಟೆ ತುಂಬ ಹಾಕುವಂತಿಲ್ಲ. ರಕ್ತದಲ್ಲಿರುವ ರಂಜಕ, ಪೊಟ್ಯಾಸಿಯಂ ಒಮ್ಮೆಲೇ ಕುಸಿದು ಪ್ರಾಣಕ್ಕೆ ಸಂಚಕಾರ ಬರುತ್ತದೆ. ಸ್ವಲ್ಪ ಸ್ವಲ್ಪವಾಗಿ, ಹಲವು ದಿನ ತೆಗೆದುಕೊಂಡು ಏರಿಸಬೇಕು. ಹೋಂ ಮೇಡ್ ಚಾಕೊಲೇಟ್ ಹಿಡಿದುಕೊಂಡ ಪ್ರವಾಸಿಗರು ರಸ್ತೆಬದಿಯ ನಾಯಿಗಳಿಗೆ ಅದನ್ನು ಎಸೆಯುವುದನ್ನು ಕಂಡರೆ ದಯವಿಟ್ಟು ತಡೆಯಿರಿ, ಅದರಲ್ಲೂ ಕಪ್ಪು ಚಾಕೊಲೇಟ್ ನಾಯಿಗೆ ವಿಷ.

ಪ್ರಶ್ನೆ: ನಮ್ಮ ಬೀದಿಯಿಂದ ಹಿಡಿದುಕೊಂಡು ಹೋದ ನಾಯಿಗಳನ್ನು ವಾರದೊಳಗೆ ತಂದು ಅಲ್ಲೇ ಬಿಟ್ಟರು. ಹಾಗಾದರೆ ಹಿಡಿದದ್ದು ಏತಕ್ಕೆ?
- ನಿವೃತ್ತ ಶಿಕ್ಷಕರು, ಕುಶಾಲನಗರ

ಉತ್ತರ: ಅವುಗಳ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇದೆಯೇ ನೋಡಿ. ಇದ್ದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಆಗಿದೆಯೆಂದು ಅರ್ಥ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಈ ಹೊಣೆ ಸ್ಥಳೀಯ ಸಂಸ್ಥೆಯದು. ಶಸ್ತ್ರಚಿಕಿತ್ಸೆಯ ನಂತರ ಕನಿಷ್ಠ ನಾಲ್ಕು ದಿನ ಇರಿಸಿಕೊಂಡು, ಹಿಡಿದ ಜಾಗದಲ್ಲೇ ಬಿಡಬೇಕು. ಬೇರೆಡೆಗೆ ಸಾಗಿಸಿದರೆ ಖಾಲಿಯಾದ ಬೀದಿಗೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳ ವಿಷಯ ಬೇರೆ: ಅಲ್ಲಿಂದ ಹಿಡಿದ ನಾಯಿಗಳನ್ನು ಪುನಃ ಅಲ್ಲಿಗೇ ಬಿಡದೆ ಆಶ್ರಯಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 7ರಂದು ಆದೇಶಿಸಿದೆ. ಆದೇಶ ಓದಿದಾಗ ನನಗೆ ಮೊದಲು ನೆನಪಾದದ್ದು ಆ 14 ದಿನಗಳ ಕೋಣೆ. ಒಮ್ಮೆಗೇ ಬರುವ ಅಷ್ಟು ನಾಯಿಗಳನ್ನು ಬೇರೆಬೇರೆಯಾಗಿ ಇರಿಸುವಷ್ಟು ಗೂಡುಗಳನ್ನು ಕಟ್ಟದೆ ತುಂಬಿಸಿದರೆ ಡಿಸ್ಟೆಂಪರ್ ಎಲ್ಲವನ್ನೂ ಖಾಲಿಮಾಡುತ್ತದೆ.

ಪ್ರಶ್ನೆ: ನಮ್ಮ ನಾಯಿ ಕಾಡುಹಂದಿಗೆ ಇಟ್ಟ ಉರುಳಿಗೆ ಸಿಕ್ಕಿ ಕಾಲು ಕೊಯ್ದುಕೊಂಡಿತು. ತಂತಿ ಬಿಡಿಸಿ ನೋವಿನ ಮಾತ್ರೆ ಕೊಟ್ಟೆವು, ನಡೆಯುತ್ತಿದೆ. ಸಾಲದೇ?
- ಬೆಳೆಗಾರರು, ಸಿದ್ದಾಪುರ

ಉತ್ತರ: ಸಾಲದು. ಬೈಕಿನ ಕ್ಲಚ್ ವೈರಿನಂಥ ತಂತಿ ಬಿಗಿದ ಜಾಗದಲ್ಲಿ ರಕ್ತ ಸಂಚಾರ ನಿಂತಿದ್ದರೆ ಚರ್ಮ ಕಪ್ಪಾಗಿ ಉದುರುವುದು ನಾಲ್ಕೈದು ದಿನ ಕಳೆದ ಮೇಲೆ, ಇಂದೇ ತೋರಿಸಿ. ಮನುಷ್ಯರ ನೋವಿನ ಮಾತ್ರೆಗಳು, ಮುಖ್ಯವಾಗಿ ಐಬುಪ್ರೊಫೆನ್ ಮತ್ತು ಡೈಕ್ಲೊಫೆನಾಕ್, ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಬಿಡಿಸುವಾಗ ನೋವಿಗೆ ನಿಮ್ಮನ್ನು ಕಚ್ಚಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಮನೆಯ ನಾಯಿಯೆಂದು ಸುಮ್ಮನಾಗದೆ ಆಸ್ಪತ್ರೆಗೆ ಹೋಗಿ. ಉರುಳು ಇಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧವಾದ್ದರಿಂದ ಅರಣ್ಯ ಇಲಾಖೆಗೂ ತಿಳಿಸಿ.

ಪ್ರಶ್ನೆ: ಹೋಂಸ್ಟೇಗೆಂದು ಒಂದು ನಾಯಿಯನ್ನು ದತ್ತು ಕೇಳಿದೆ. ಕನ್ಯೆ ಕೊಡುವವರಂತೆ ನೂರು ಪ್ರಶ್ನೆ ಕೇಳಿ, ಕೊನೆಗೆ ಸುಗ್ಗಿಯ ಹಬ್ಬವಾದ ಪುತ್ತರಿ ಕಳೆದ ಮೇಲೆ ಬನ್ನಿ ಎಂದರು.
- ಹೋಂಸ್ಟೇ ನಡೆಸುವವರು, ಮಡಿಕೇರಿ

ಉತ್ತರ: ಆ ಪ್ರಶ್ನೆಗಳಲ್ಲಿ ಅರ್ಧವಾದರೂ ಒಂದೇ ಸಂಗತಿಯನ್ನು ತಿಳಿಯಲು ಕೇಳುವಂಥವು: ಸೀಸನ್ ಮುಗಿದ ಮೇಲೆ ನಾಯಿ ಎಲ್ಲಿರುತ್ತದೆ? ಅತಿಥಿಗಳಿದ್ದಾಗ ಮುದ್ದಿಸಿಕೊಂಡು ಬೆಳೆದು, ಜೂನ್ ಬಂದು ಬೀಗ ಬಿದ್ದಾಗ ರಸ್ತೆಗೆ ಬಂದ ನಾಯಿಗಳು ನಮ್ಮಲ್ಲಿಗೆ ಪ್ರತಿವರ್ಷ ಬರುತ್ತವೆ. ನಿಮ್ಮಲ್ಲಿ ಮಳೆಗಾಲದಲ್ಲೂ ಇರುವವರು ಯಾರೆಂದು ಹೇಳಿದರೆ ಅವರ ಅನುಮಾನ ಕಳೆಯುತ್ತದೆ. ಪುತ್ತರಿಯ ಮಾತು ಮಾತ್ರ ನಿಮ್ಮ ಮೇಲಿನ ಅಪನಂಬಿಕೆಯಿಂದ ಬಂದದ್ದಲ್ಲ. ಕದಿರು ತೆಗೆಯುವ ರಾತ್ರಿ ಹಾರುವ ಗುಂಡು, ಸಿಡಿಯುವ ಪಟಾಕಿಗೆ ಬೆದರಿದ ನಾಯಿ, ಇನ್ನೂ ತನ್ನದೆಂದು ಗುರುತಿಸದ ಮನೆಯಿಂದ ಓಡಿದರೆ ತಿರುಗಿ ಬರುವ ದಾರಿ ಅದಕ್ಕೆ ತಿಳಿದಿರುವುದಿಲ್ಲ. ಹೊಸ ಮನೆಗೆ ಹೊಂದಿಕೊಳ್ಳಲು ಕೆಲವು ನಾಯಿಗಳಿಗೆ ಮೂರು ದಿನ ಸಾಕು, ಕೆಲವಕ್ಕೆ ಮೂರು ತಿಂಗಳೂ ಹಿಡಿಯುತ್ತದೆ. ಹಬ್ಬ ಕಳೆದ ವಾರ ಹೋಗಿ. ಹೋಗುವಾಗ ನಿಮ್ಮ ಫೋನ್ ನಂಬರ್ ಕೊರೆಸಿದ ಪಟ್ಟಿಯೊಂದನ್ನು ಜೊತೆಗೆ ಒಯ್ದು, ಅಲ್ಲಿಂದ ಹೊರಡುವ ಮೊದಲೇ ನಾಯಿಯ ಕೊರಳಿಗೆ ಹಾಕಿ.