ಓದುಗರ ಪ್ರಶ್ನೆ: ಮೂಳೆ ನೋಡಿ ನಡಿಗೆ ಹೇಳುವುದು ಹೇಗೆ?

ಪ್ರಶ್ನೆ: ಮನುಷ್ಯರ ಪ್ರಾಚೀನ ಬಂಧು ‘ಲೂಸಿ’ಯ ಅಸ್ಥಿಪಂಜರದಲ್ಲಿ ಸಿಕ್ಕಿದ್ದು ಶೇ. 40ರಷ್ಟು ಮಾತ್ರ, ಪಾದವಂತೂ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಿದ್ದೂ ಅವಳು ಎರಡು ಕಾಲಲ್ಲಿ ನಡೆಯುತ್ತಿದ್ದಳು ಎಂದು ಅಷ್ಟು ಖಡಾಖಂಡಿತವಾಗಿ ಹೇಳುವುದು ಹೇಗೆ? (ದಾವಣಗೆರೆಯಿಂದ)

ಉತ್ತರ: ಎಷ್ಟು ಸಿಕ್ಕಿತು ಅನ್ನುವುದಕ್ಕಿಂತ ಯಾವುದು ಸಿಕ್ಕಿತು ಅನ್ನುವುದು ಮುಖ್ಯ. 1974ರಲ್ಲಿ ಇಥಿಯೋಪಿಯಾದ ಹದಾರ್‌ನಲ್ಲಿ ಸಿಕ್ಕ, ಸುಮಾರು 32 ಲಕ್ಷ ವರ್ಷ ಹಳೆಯ ಲೂಸಿಯ ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಎಡಗಡೆಯ ಸೊಂಟದೆಲುಬು, ಬೆನ್ನಿನ ಬುಡದ ತ್ರಿಕಾಸ್ಥಿ, ಎಡ ತೊಡೆಮೂಳೆ ಮೂರೂ ಉಳಿದಿದ್ದವು. ಎಡ ಭಾಗವಿದ್ದರೆ ಕನ್ನಡಿಯ ಬಿಂಬದಂತೆ ಬಲ ಭಾಗವನ್ನು ಮಾಡಿಕೊಳ್ಳಬಹುದು.

ಎದ್ದು ನಿಂತು ಬಲ ಅಂಗೈಯನ್ನು ಬಲ ಸೊಂಟದ ಪಕ್ಕದಲ್ಲಿ, ಎಲುಬಿನ ಅಂಚಿಗಿಂತ ತುಸು ಕೆಳಗೆ ಒತ್ತಿಡಿ. ಈಗ ಎಡಗಾಲು ಎತ್ತಿ. ಕೈಯಡಿ ಒಂದು ಸ್ನಾಯು ಗಟ್ಟಿಯಾಗುವುದು ತಿಳಿಯುತ್ತದೆ. ಒಂದೇ ಕಾಲಿನ ಮೇಲಿದ್ದಾಗ ಸೊಂಟ ಎಡಕ್ಕೆ ಕುಸಿಯದಂತೆ ಎಳೆದು ಹಿಡಿಯುವುದು ಅದೇ. ನಮ್ಮ ಸೊಂಟದೆಲುಬಿನ ಮೇಲಿನ ಹರಡಿದ ಭಾಗ, ಅಂದರೆ ‘ರೆಕ್ಕೆ’, ಗಿಡ್ಡ, ಅಗಲ, ಪಕ್ಕಕ್ಕೆ ಬಾಗಿದ್ದು. ಹಾಗಾಗಿ ಸ್ನಾಯು ಪಕ್ಕದಲ್ಲಿ ಕೂತಿದೆ. ಚಿಂಪಾಂಜಿಯ ರೆಕ್ಕೆ ಉದ್ದ, ಚಪ್ಪಟೆ, ಬೆನ್ನಿನ ಕಡೆಗಿದೆ. ಅದು ಎರಡು ಕಾಲಲ್ಲಿ ನಡೆದಾಗ ಮೈ ಅತ್ತಿತ್ತ ವಾಲುವುದು ಇದರಿಂದಲೇ. ಲೂಸಿಯ ರೆಕ್ಕೆ ನಮ್ಮದರಂಥದು.

ಇಲ್ಲಿ ಒಂದು ತೊಡಕೂ ಇತ್ತು. ಆ ಎಲುಬು ಮಣ್ಣಿನಡಿ ಜಜ್ಜಿಹೋಗಿ, ಚೂರುಗಳು ತಪ್ಪಾದ ಜಾಗದಲ್ಲೇ ಅಂಟಿ ಕಲ್ಲಾಗಿದ್ದವು. ಇದ್ದದ್ದನ್ನು ಇದ್ದ ಹಾಗೇ ನಂಬಿದ್ದರೆ ರೆಕ್ಕೆ ವಾನರದ್ದರಂತೆ ಕಾಣುತ್ತಿತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಓವನ್ ಲವ್‌ಜಾಯ್ ಪ್ಲಾಸ್ಟರ್ ಅಚ್ಚು ತೆಗೆದು, ಅದನ್ನು ತುಂಡು ಮಾಡಿ, ಒಡೆದ ಅಂಚಿಗೆ ಅಂಚು ಹೊಂದಿಸಿ ಮತ್ತೆ ಕೂಡಿಸಿದರು.

ಇನ್ನು ಪಾದದ ಮಾತು. ಲೂಸಿಯ ಪಾದ ಇಲ್ಲದಿದ್ದರೇನು, ಅವಳ ಜಾತಿಯದೇ ಎನ್ನಲಾದ ಹೆಜ್ಜೆಗಳಿವೆ. ಟಾಂಜಾನಿಯಾದ ಲೇಟೋಲಿಯಲ್ಲಿ ಮೇರಿ ಲೀಕಿ ಅವರ ತಂಡಕ್ಕೆ 1978ರಲ್ಲಿ ಸಿಕ್ಕ ಸಾಲು, ಸುಮಾರು 27 ಮೀಟರ್ ಉದ್ದ. ಜ್ವಾಲಾಮುಖಿಯ ಬೂದಿ ಮಳೆಗೆ ನೆನೆದು ಗಟ್ಟಿಯಾದದ್ದರಿಂದ 36 ಲಕ್ಷ ವರ್ಷ ದಾಟಿಯೂ ಉಳಿದಿದೆ. ಹಿಮ್ಮಡಿಯ ಗುಂಡಿ ಆಳ, ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಸಾಲಾಗಿದೆ, ನಮ್ಮ ಹೆಜ್ಜೆಯಲ್ಲಿದ್ದಂತೆ.

ಪ್ರಶ್ನೆ: ಮೊಣಕಾಲಿನ ಕೋನದಿಂದ ನಡಿಗೆ ತಿಳಿಯುತ್ತದಂತೆ. ಕಾಲೇಜಿನ ಲ್ಯಾಬಿನಲ್ಲಿರುವ ಪ್ಲಾಸ್ಟಿಕ್ ತೊಡೆಮೂಳೆಯಲ್ಲಿ ಅದನ್ನು ಅಳೆದು ತೋರಿಸಬಹುದೇ? ನಾನು ಅಳೆದಾಗ ಬರೀ 3 ಡಿಗ್ರಿ ಬಂತು. (ಜೀವಶಾಸ್ತ್ರ ಉಪನ್ಯಾಸಕರು, ಶಿರಸಿ)

ಉತ್ತರ: ಖಂಡಿತ ತೋರಿಸಬಹುದು. ನಿಮ್ಮ ತಪ್ಪು ಎಲ್ಲಿ ಎಂದೂ ಊಹಿಸಬಹುದು: ಗೆರೆಯನ್ನು ಮೇಲಿನ ಗುಂಡು ತಲೆಯ ಮಧ್ಯದಿಂದ ಎಳೆದಿದ್ದೀರಿ. ಅದು ದೇಹದ ಭಾರ ಇಳಿಯುವ ಗೆರೆ, ಮೂಳೆಯ ಕಾಂಡದ ಗೆರೆಯಲ್ಲ.

ಗ್ರಾಫ್ ಹಾಳೆಯ ಮೇಲೆ ಮೂಳೆಯನ್ನು ಹಿಂಬದಿ ಕೆಳಗಾಗಿ ಮಲಗಿಸಿ. ಮೊಣಕಾಲಿನ ಎರಡು ಉಬ್ಬುಗಳ ತುದಿಯೂ ಹಾಳೆಯ ಒಂದೇ ಅಡ್ಡಗೆರೆಗೆ ತಾಗಲಿ. ತಾಗಿಸಲು ಸ್ಕೇಲನ್ನೇ ಗೋಡೆಯಂತೆ ಒತ್ತಿ ಹಿಡಿದರೆ ಸುಲಭ. ಕಾಂಡದ ಅಗಲದ ಮಧ್ಯಬಿಂದುವನ್ನು ಮೇಲೊಂದು, ಕೆಳಗೊಂದು ಕಡೆ ಗುರುತಿಸಿ, ಮೂಳೆ ತೆಗೆದು ಎರಡನ್ನೂ ಸೇರಿಸಿ. ಆ ಗೆರೆ ಅಡ್ಡಗೆರೆಯ ಲಂಬದಿಂದ ಎಷ್ಟು ವಾಲಿದೆಯೋ ಅದೇ ಉತ್ತರ. ಮನುಷ್ಯರಲ್ಲಿ ಸಾಮಾನ್ಯವಾಗಿ 8ರಿಂದ 11 ಡಿಗ್ರಿ. ಚಿಂಪಾಂಜಿಯಲ್ಲಿ ಸೊನ್ನೆಯ ಆಸುಪಾಸು. ಮೂಳೆ ಒಂದಿಷ್ಟು ಉರುಳಿದರೂ ಅಳತೆ ಕೆಡುತ್ತದೆ, ಹಾಗಾಗಿ ಮೂರು ಸಲ ಮಲಗಿಸಿ ಸರಾಸರಿ ತೆಗೆಯಿರಿ.

ಈ ವಾಲಿಕೆಯಿಂದಲೇ ತೊಡೆಗಳು ಒಳಮುಖವಾಗಿ ಇಳಿದು ಎರಡೂ ಮಂಡಿಗಳು ದೇಹದ ಮಧ್ಯಗೆರೆಯ ಹತ್ತಿರ ಬರುತ್ತವೆ. ಒಂದು ಕಾಲಿನ ಮೇಲೆ ಭಾರ ಬಿದ್ದಾಗ ಪಾದ ಮೈಯಡಿಯೇ ಇರುತ್ತದೆ. ಲೂಸಿಗಿಂತ ಒಂದು ವರ್ಷ ಮೊದಲೇ, 1973ರಲ್ಲಿ, ಡೊನಾಲ್ಡ್ ಜೊಹಾನ್ಸನ್ ಅವರಿಗೆ ಹದಾರ್‌ನಲ್ಲಿ ಇಂಥದೇ ಒಂದು ಮೊಣಕಾಲು ಸಿಕ್ಕಿತ್ತು. ತೊಡೆಯ ಕೆಳತುದಿ, ಮಂಡಿಯ ಕೆಳಗಿನ ಕಾಲಿನ ಮೂಳೆಯ ಮೇಲ್ತುದಿ, ಅಷ್ಟೇ. ಕೋನ ನೋಡಿದ ಮೇಲೆ ವಾದಕ್ಕೆ ಹೆಚ್ಚು ಜಾಗ ಉಳಿಯಲಿಲ್ಲ.

ನಡಿಗೆಯ ಸಾಕ್ಷಿಗಳಲ್ಲಿ ಇದನ್ನೇ ನಾವು ಎಲ್ಲಕ್ಕಿಂತ ಹೆಚ್ಚು ನಂಬುತ್ತೇವೆ. ಕಾರಣ, ಈ ಕೋನ ಹುಟ್ಟಿನಿಂದ ಬರುವುದಿಲ್ಲ. ಹಸುಗೂಸಿನ ತೊಡೆಮೂಳೆ ನೆಟ್ಟಗಿರುತ್ತದೆ. ಮಗು ಅಂಬೆಗಾಲು ಬಿಟ್ಟು ನಡೆಯತೊಡಗಿದ ಮೇಲೆ ವರ್ಷವರ್ಷಕ್ಕೆ ವಾಲಿಕೆ ಮೂಡುತ್ತದೆ. ಹುಟ್ಟಿನಿಂದ ನಡೆಯಲಾಗದ ಮಕ್ಕಳಲ್ಲಿ ಅದು ಮೂಡುವುದಿಲ್ಲ. ಅಂದರೆ ಆ ಮೂಳೆ ಹೇಳುವುದು ‘ನಡೆಯಬಲ್ಲೆ’ ಎಂದಲ್ಲ, ‘ನಡೆದಿದ್ದೇನೆ’ ಎಂದು.

ಪ್ರಶ್ನೆ: ಹಾಗಾದರೆ ಲೂಸಿಯ ಕೈ ಉದ್ದ, ಬೆರಳು ಡೊಂಕು ಅನ್ನುತ್ತಾರಲ್ಲ? ಮರ ಹತ್ತುತ್ತಿದ್ದಳೇ? (ಹಾಸನದಿಂದ)

ಉತ್ತರ: ಇಲ್ಲೇ ಜಗಳ ಇರುವುದು. ತೋಳಿನ ಮೂಳೆ ಸುಮಾರು 237 ಮಿಲಿಮೀಟರ್, ತೊಡೆಮೂಳೆ ಸುಮಾರು 281. ಭಾಗಿಸಿ ನೂರರಿಂದ ಗುಣಿಸಿದರೆ 84 ಚಿಲ್ಲರೆ. ನಮ್ಮದು 70ರ ಮೇಲೆ ಕೆಳಗೆ, ಚಿಂಪಾಂಜಿಯದು ನೂರರ ಹತ್ತಿರ. ಆದರೆ ಈ ಲೆಕ್ಕ ನೋಡಿ ‘ಉದ್ದ ಕೈ’ ಎಂದುಬಿಡಬೇಡಿ. ಅವಳ ಎತ್ತರಕ್ಕೆ ಕೈ ಅಷ್ಟೇನೂ ಉದ್ದವಲ್ಲ, ಕಾಲೇ ಗಿಡ್ಡ.

ಬೆರಳಿನ ಡೊಂಕು ಮಾತ್ರ ಗಟ್ಟಿ ಸುಳಿವು. ಕೊಂಬೆ ಹಿಡಿದು ತೂಗುವ ವಾನರಗಳಲ್ಲಿ ಈ ಬಾಗು ಬೆಳೆಯುವ ವಯಸ್ಸಿನ ಬಳಕೆಯಿಂದ ಹೆಚ್ಚುತ್ತದೆ. ಅದೇ ಜಾತಿಯ, ಮೂರು ವರ್ಷದ ಆಸುಪಾಸಿನ ಇಥಿಯೋಪಿಯಾದ ಡಿಕಿಕಾದಲ್ಲಿ ಸಿಕ್ಕ ಮಗುವಿನ ಹೆಗಲ ಹಲಗೆಯಲ್ಲಿ ಕೀಲಿನ ಗುಳಿ ವಾನರಗಳಲ್ಲಿದ್ದಂತೆ ಮೇಲ್ಮುಖವಾಗಿದೆ. ಇವೆಲ್ಲ ಪೂರ್ವಜರಿಂದ ಉಳಿದ ಹಳೇ ಸಾಮಾನು ಎನ್ನುವವರೂ ಇದ್ದಾರೆ. ನಮ್ಮ ಮಟ್ಟಿಗೆ, ನೆಲದ ಮೇಲೆ ನಡೆದು, ರಾತ್ರಿಗೋ ಹಣ್ಣಿಗೋ ಮರ ಹತ್ತುತ್ತಿದ್ದ ಜೀವ ಎಂಬುದೇ ಮೂಳೆಗಳಿಗೆ ಹೆಚ್ಚು ಒಪ್ಪುತ್ತದೆ.

ಪ್ರಶ್ನೆ: ಬುರುಡೆಯ ಅಡಿಯ ತೂತು ನೋಡಿದರೆ ಸಾಕಲ್ಲವೇ? (ಬೆಳಗಾವಿಯಿಂದ)

ಉತ್ತರ: ಸಾಲದು. ಬೆನ್ನುಹುರಿ ಹಾದುಹೋಗುವ ಆ ತೂತು ಮುಂದಕ್ಕಿದ್ದರೆ ತಲೆ ಬೆನ್ನಿನ ಮೇಲೆ ನೆಟ್ಟಗೆ ಕೂತಿತ್ತು ಎಂದರ್ಥ. 1924ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಟೌಂಗ್ ಮಗುವಿನ ಬುರುಡೆಯಲ್ಲಿ ರೇಮಂಡ್ ಡಾರ್ಟ್ ಇದನ್ನು ಸರಿಯಾಗಿಯೇ ಗುರುತಿಸಿದರು. ಆದರೆ ಮರಿ ಚಿಂಪಾಂಜಿಯಲ್ಲೂ ತೂತು ಮುಂದಕ್ಕೇ ಇದ್ದು, ಬೆಳೆದಂತೆ ಹಿಂದೆ ಸರಿಯುತ್ತದೆ. ಬುರುಡೆ ಅಪ್ಪಚ್ಚಿಯಾಗಿದ್ದರಂತೂ ಅಳತೆಯೇ ಸಂಶಯ.

ಪ್ರಶ್ನೆ: ನಿಯಾಂಡರ್ತಾಲ್ ಮಾನವ ಮಂಡಿ ಬಗ್ಗಿಸಿ ಗೂನು ಬೆನ್ನಲ್ಲಿ ನಡೆಯುವ ಚಿತ್ರ ಎಲ್ಲಿಂದ ಬಂತು? (ಮೈಸೂರಿನಿಂದ)

ಉತ್ತರ: ಒಬ್ಬ ಮುದುಕನ ಬೆನ್ನುನೋವಿನಿಂದ! 1908ರಲ್ಲಿ ಫ್ರಾನ್ಸಿನ ಲಾ ಶಪೆಲ್-ಓ-ಸ್ಯಾಂಟ್‌ನಲ್ಲಿ ಸಿಕ್ಕ ಅಸ್ಥಿಪಂಜರವನ್ನು ಪಳೆಯುಳಿಕೆ ತಜ್ಞ ಮಾರ್ಸೆಲಿನ್ ಬೂಲ್ ಬಾಗಿಸಿ ನಿಲ್ಲಿಸಿದರು. 1957ರಲ್ಲಿ ಸ್ಟ್ರಾಸ್ ಮತ್ತು ಕೇವ್ ಮತ್ತೆ ಪರೀಕ್ಷಿಸಿದಾಗ ಆ ಬೆನ್ನೆಲುಬಿನಲ್ಲಿ ಸಂಧಿವಾತ ಜೋರಾಗಿದ್ದದ್ದು ಕಂಡಿತು. ಬೂಲ್ ಅವರ ಪೂರ್ವಗ್ರಹವೂ ಸೇರಿತ್ತು, ಎಲ್ಲವನ್ನೂ ಸಂಧಿವಾತದ ಮೇಲೆ ಹಾಕುವಂತಿಲ್ಲ. ಸವೆದ ಕೀಲಿನ ಅಂಚಿನಲ್ಲಿ ಮೂಳೆ ತುಟಿಯಂತೆ ಹೊರಚಾಚಿರುತ್ತದೆ. ನಡಿಗೆ ಹೇಳುವ ಮುನ್ನ ಅದನ್ನು ಹುಡುಕಬೇಕು.

ಪ್ರಶ್ನೆ: ನಮ್ಮ ಹುಣಸಗಿ ಸೀಮೆಯ ಈಸಾಂಪುರದಲ್ಲಿ ಆದಿಮಾನವರ ಕೈಕೊಡಲಿಗಳು ಸಿಕ್ಕಿವೆ. ಅವರು ಹೇಗೆ ನಡೆಯುತ್ತಿದ್ದರು? (ಯಾದಗಿರಿಯಿಂದ)

ಉತ್ತರ: ಅಲ್ಲಿ ಸಿಕ್ಕಿರುವುದು ಅವರು ಕಲ್ಲೊಡೆದ ಜಾಗ, ಅವರ ಮೂಳೆಯಲ್ಲ. 1982ರಲ್ಲಿ ನರ್ಮದೆಯ ದಂಡೆಯ ಹಥನೋರಾದಲ್ಲಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕಿದ್ದೂ ಬುರುಡೆಯ ಭಾಗ ಮಾತ್ರ. ಅದರಿಂದ ಮಂಡಿಯ ಮಾತು ಹೇಳಲಾಗದು. ಆದರೆ ಇಂಥ ಕೈಕೊಡಲಿಗಳ ಕಾಲದ್ದೇ ಆದ, ಕೀನ್ಯಾದ ತುರ್ಕಾನಾ ಹುಡುಗನ ಅಸ್ಥಿಪಂಜರ ಇದೆ. ಸುಮಾರು 15 ಲಕ್ಷ ವರ್ಷ ಹಳೆಯದು, ಉದ್ದ ಕಾಲಿನದು. ಈಸಾಂಪುರದವರೂ ಅವನಂತೆಯೇ ನಡೆದಿರಬೇಕು ಎಂಬುದು ನ್ಯಾಯವಾದ ಊಹೆ. ಒಂದು ತೊಡೆಮೂಳೆ ಸಿಗುವವರೆಗೆ ಊಹೆಯೇ.