ಓದುಗರ ಪ್ರಶ್ನೆ, ವೈದ್ಯರ ಉತ್ತರ: ದೀರ್ಘ ಪ್ರವಾಸದ ನಡುವೆ ನೋವಿನ ಮಾತ್ರೆ ಮುಗಿಯದಂತೆ

ಪ್ರಶ್ನೆ: ಮಾನ್ಯ ಡಾಕ್ಟರರಿಗೆ ನಮಸ್ಕಾರ. ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಗಿ ಮೂರು ವರ್ಷ ಕಳೆದರೂ ಸೊಂಟದಿಂದ ಕಾಲಿಗೆ ಇಳಿಯುವ ನರನೋವು ನನ್ನನ್ನು ಬಿಟ್ಟಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆಯನ್ನು ಹನ್ನೆರಡು ಗಂಟೆಗೊಮ್ಮೆ, ನರನೋವಿನ ಔಷಧವಾದ ಪ್ರಿಗ್ಯಾಬಲಿನ್ ಅನ್ನು ದಿನಕ್ಕೆರಡು ಬಾರಿ ತೆಗೆದುಕೊಳ್ಳುತ್ತಿದ್ದೇನೆ. ಈಗ ಐದು ತಿಂಗಳು ಬೇರೆ ದೇಶದಲ್ಲಿರುವ ಮಗಳ ಮನೆಯಲ್ಲಿ ಇರಬೇಕಾಗಿದೆ. ಹೋಗುವ ದಾರಿಯಲ್ಲಿ ಇನ್ನೊಂದು ದೇಶದಲ್ಲಿ ಒಂದು ವಾರ ತಂಗುವುದಿದೆ. ನನ್ನ ವೈದ್ಯರು ಒಮ್ಮೆಗೆ ಒಂದು ತಿಂಗಳಿಗಿಂತ ಹೆಚ್ಚು ಮಾತ್ರೆ ಬರೆದುಕೊಡುವುದಿಲ್ಲ. ಆಗಾಗ ಒಂದೊಂದು ಮಾತ್ರೆ ಬಿಟ್ಟು ಪ್ರವಾಸಕ್ಕೆಂದು ಕೂಡಿಟ್ಟುಕೊಳ್ಳಬಹುದೇ? ಇಲ್ಲವಾದರೆ ಮಗ ತಿಂಗಳಿಗೊಮ್ಮೆ ಅಂಚೆಯಲ್ಲಿ ಕಳುಹಿಸಬಹುದೇ? ಅಲ್ಲಿಯೇ ಮಾತ್ರೆ ಮುಗಿದುಹೋದರೆ ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ನನ್ನ ಉತ್ತರ ‘ಬೇಡ’ ಎಂಬುದೇ ಆಗಿದೆ. ಆದರೆ ಅಷ್ಟು ಹೇಳಿ ನಿಲ್ಲಿಸಿದರೆ ನಿಮ್ಮ ಕಷ್ಟಕ್ಕೆ ದಾರಿ ತೋರಿಸಿದಂತಾಗುವುದಿಲ್ಲ. ನೋವಿನ ಔಷಧದೊಂದಿಗೆ ದೀರ್ಘ ಪ್ರಯಾಣ ಹೊರಡುವ ಬಹುತೇಕ ಮಂದಿ ‘ಎಷ್ಟು ಹೆಚ್ಚು ಒಯ್ಯಬಹುದು’ ಎಂದು ಯೋಚಿಸುತ್ತಾರೆ. ಐದು ತಿಂಗಳ ಪ್ರವಾಸದಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಎರಡನೆಯ ತಿಂಗಳ ಔಷಧ ಚೀಟಿಯನ್ನು ಯಾವ ಊರಿನಲ್ಲಿ, ಯಾವ ವೈದ್ಯರು ಬರೆಯುತ್ತಾರೆ? ಹೊರಡುವ ಮೊದಲೇ ಇದಕ್ಕೆ ಉತ್ತರ ಸಿಕ್ಕಿದ್ದರೆ ಉಳಿದ ಕೆಲಸವೆಲ್ಲ ಕಾಗದಪತ್ರಗಳದ್ದು.

ನಿಮ್ಮ ವೈದ್ಯರು ಒಂದು ತಿಂಗಳಿಗೆ ಮಾತ್ರ ಬರೆಯುವುದು ನಿಮ್ಮ ಮೇಲಿನ ಅಪನಂಬಿಕೆಯಿಂದಲ್ಲ. ಮಾರ್ಫಿನ್, ಆಕ್ಸಿಕೊಡೋನ್, ಫೆಂಟನಿಲ್, ಮೆಥಡೋನ್ ಮೊದಲಾದವು ಮಾದಕ ಔಷಧಗಳ ಕುರಿತ 1961ರ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಬರುತ್ತವೆ. ಅವುಗಳ ಪ್ರತಿಯೊಂದು ಪೊಟ್ಟಣಕ್ಕೂ ಲೆಕ್ಕ ಇಡಬೇಕಾಗುತ್ತದೆ. ಅಮೆರಿಕದಲ್ಲಿ ಈ ವರ್ಗದ ಔಷಧಕ್ಕೆ ಹಳೆಯ ಚೀಟಿಯನ್ನೇ ತೋರಿಸಿ ಮತ್ತೆ ಪಡೆಯುವ ಅವಕಾಶವೇ ಇಲ್ಲ, ಪ್ರತಿ ಸಲವೂ ಹೊಸ ಚೀಟಿ ಬೇಕು. 2007ರ ನಿಯಮದ ಪ್ರಕಾರ ವೈದ್ಯರು ಒಟ್ಟು 90 ದಿನಗಳ ಪ್ರಮಾಣಕ್ಕೆ ಮೀರದಂತೆ, ಇಂಥ ದಿನಕ್ಕಿಂತ ಮೊದಲು ಕೊಡಬಾರದು ಎಂದು ನಮೂದಿಸಿದ ಹಲವು ಚೀಟಿಗಳನ್ನು ಒಮ್ಮೆಗೇ ಬರೆದುಕೊಡಬಹುದು. ಬ್ರಿಟನ್ನಿನಲ್ಲಿ ಮೂರು ತಿಂಗಳಿಗಿಂತ ಕಡಿಮೆ ಪ್ರಮಾಣವನ್ನು ಸ್ವಂತ ಬಳಕೆಗೆ ಒಯ್ಯುವವರಿಗೆ ವೈದ್ಯರ ಪತ್ರ ಸಾಕಾಗುತ್ತದೆ; ಅದಕ್ಕಿಂತ ಹೆಚ್ಚಾದರೆ ಸರ್ಕಾರದ ಪರವಾನಗಿ ಬೇಕು. ಪರಸ್ಪರ ಗಡಿ ತಪಾಸಣೆಯನ್ನು ಕೈಬಿಟ್ಟಿರುವ ಯುರೋಪಿನ ಷೆಂಗೆನ್ ದೇಶಗಳ ನಡುವೆ ಓಡಾಡುವ ಅಲ್ಲಿನ ನಿವಾಸಿಗಳಿಗೆ ಒಂದು ಪ್ರಮಾಣಪತ್ರದ ವ್ಯವಸ್ಥೆ ಇದೆ. ಒಂದೊಂದು ಔಷಧಕ್ಕೂ ಬೇರೆ ಪತ್ರ ಬೇಕು, ಅದರ ಅವಧಿ ಗರಿಷ್ಠ 30 ದಿನ. ಜಪಾನಿಗೆ ಮಾರ್ಫಿನ್‌ನಂಥ ಔಷಧವನ್ನು ಒಯ್ಯುವವರು ಅಲ್ಲಿನ ಮಾದಕವಸ್ತು ನಿಯಂತ್ರಣ ಇಲಾಖೆಯ ಅನುಮತಿಯನ್ನು ಪ್ರಯಾಣಕ್ಕೆ ಮೊದಲೇ ಪಡೆದಿರಬೇಕು. ಹೀಗೆ ಒಂದೊಂದು ದೇಶದ ಬಾಗಿಲೂ ಒಂದೊಂದು ಬಗೆಯದ್ದು.

ಆದ್ದರಿಂದ ನಿಮ್ಮ ಮೊದಲ ಕೆಲಸ ಎರಡೂ ದೇಶಗಳ ನಿಯಮವನ್ನು ತಿಳಿದುಕೊಳ್ಳುವುದು. ‘ಎರಡೂ’ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಒಂದು ವಾರ ತಂಗುವ ದೇಶವನ್ನು ಪ್ರಯಾಣಿಕರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಸ್ಟಮ್ಸ್ ಅಧಿಕಾರಿ ನಿಮ್ಮ ಚೀಲವನ್ನು ತೆರೆಯುವಾಗ ನೀವು ಮುಂದೆ ಎಲ್ಲಿಗೆ ಹೋಗುತ್ತಿದ್ದೀರಿ ಎಂಬುದು ಮುಖ್ಯವಾಗುವುದಿಲ್ಲ. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕವಸ್ತು ನಿಯಂತ್ರಣ ಮಂಡಳಿಯು ಇಂಥ ಔಷಧಗಳೊಂದಿಗೆ ಪ್ರಯಾಣಿಸುವವರಿಗಾಗಿ ದೇಶವಾರು ನಿಯಮಗಳನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಅದನ್ನು ಓದಿದ ಮೇಲೆ ಆಯಾ ದೇಶದ ರಾಯಭಾರ ಕಚೇರಿಗೆ ಬರೆದು, ಅವರ ಉತ್ತರವನ್ನು ಲಿಖಿತವಾಗಿ ಪಡೆದು, ಅದರ ಪ್ರತಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಿ. ಅನುಮತಿ ಬರುವುದಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ, ಟಿಕೆಟ್ ಕೊಳ್ಳುವ ಮೊದಲೇ ಈ ಕೆಲಸ ಆರಂಭವಾದರೆ ಒಳ್ಳೆಯದು.

ಮಾರ್ಫಿನ್ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರುತ್ತಾರೆ. ಜನ ಎಡವುವುದು ‘ಸಾಧಾರಣ ಮಾತ್ರೆ’ ಎಂದುಕೊಂಡ ಔಷಧಗಳಲ್ಲಿ. ಟ್ರಮಡಾಲ್ ಎಂಬ ನೋವಿನ ಔಷಧ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿಲ್ಲ. ಆದರೂ ಈಜಿಪ್ಟ್ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ನಂಥ ದೇಶಗಳಲ್ಲಿ ಅದು ಕಟ್ಟುನಿಟ್ಟಾಗಿ ನಿಯಂತ್ರಿತವಾಗಿದೆ, ಭಾರತದಲ್ಲಿಯೂ 2018ರಿಂದ ಮಾದಕವಸ್ತು ಕಾಯಿದೆಯ ವ್ಯಾಪ್ತಿಗೆ ಬಂದಿದೆ. ನೀವು ಸೇವಿಸುತ್ತಿರುವ ಪ್ರಿಗ್ಯಾಬಲಿನ್ ಬ್ರಿಟನ್ನಿನಲ್ಲಿ 2019ರ ಏಪ್ರಿಲ್‌ನಿಂದ ನಿಯಂತ್ರಿತ ಔಷಧ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿರುವ ಪ್ರತಿಯೊಂದು ಮಾತ್ರೆಯನ್ನೂ, ಕೋಡೀನ್ ಬೆರೆತ ಕೆಮ್ಮಿನ ಔಷಧವಿದ್ದರೆ ಅದನ್ನೂ ಸೇರಿಸಿ ವಿಚಾರಿಸಿ.

ಇನ್ನು ಮಾತ್ರೆ ಬಿಟ್ಟು ಕೂಡಿಡುವ ವಿಚಾರ. ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ರಕ್ತದಲ್ಲಿ ಒಂದೇ ಮಟ್ಟದಲ್ಲಿ ಇರಬೇಕೆಂದೇ ಅದನ್ನು ಹನ್ನೆರಡು ಗಂಟೆಗೊಮ್ಮೆ ಕೊಡಲಾಗುತ್ತದೆ. ಒಂದು ಹೊತ್ತು ಬಿಟ್ಟರೆ ನೋವು ಮರಳುತ್ತದೆ, ಬೆವರು, ಆಕಳಿಕೆ, ಮೂಗು ಸೋರುವುದು, ಹೊಟ್ಟೆ ನುಲಿಯುವುದು, ನಿದ್ರೆ ಬಾರದಿರುವುದು ಇವೆಲ್ಲ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಹೀಗೆ ಉಳಿಸಿದ ಮಾತ್ರೆಗಳು ಚೀಟಿಯಲ್ಲಿರುವ ಸಂಖ್ಯೆಗಿಂತ ಹೆಚ್ಚಾಗಿರುತ್ತವೆ; ಗಡಿಯಲ್ಲಿ ಆ ಹೆಚ್ಚುವರಿ ಎಲ್ಲಿಂದ ಬಂತೆಂದು ಕೇಳಿದರೆ ನಿಮ್ಮ ಬಳಿ ಕಾಗದವಿರುವುದಿಲ್ಲ. ಅಂಚೆಯ ವಿಷಯವೂ ಹಾಗೆಯೇ. ಅನುಮತಿಯಿಲ್ಲದೆ ನಿಯಂತ್ರಿತ ಔಷಧವನ್ನು ಒಂದು ದೇಶದಿಂದ ಇನ್ನೊಂದಕ್ಕೆ ಅಂಚೆಯಲ್ಲಿ ಕಳುಹಿಸುವುದನ್ನು ಹೆಚ್ಚಿನ ದೇಶಗಳ ಕಾನೂನು ಕಳ್ಳಸಾಗಣೆಯೆಂದೇ ನೋಡುತ್ತದೆ. ಜಪಾನಿನಲ್ಲಂತೂ ಅನುಮತಿಯಿದ್ದರೂ ರೋಗಿಯೇ ಕೈಯಲ್ಲಿ ಹಿಡಿದು ತರಬೇಕು, ಅಂಚೆಯಲ್ಲಿ ತರಿಸುವಂತಿಲ್ಲ, ಇನ್ನೊಬ್ಬರ ಕೈಯಲ್ಲಿ ಕಳುಹಿಸುವಂತಿಲ್ಲ. ಪೊಟ್ಟಣ ಸಿಕ್ಕಿಬಿದ್ದರೆ ಕಳುಹಿಸಿದ ನಿಮ್ಮ ಮಗ, ಪಡೆಯುವ ನೀವು ಇಬ್ಬರೂ ವಿಚಾರಣೆಗೆ ಒಳಗಾಗುತ್ತೀರಿ.

ಹಾಗಾದರೆ ದಾರಿ ಯಾವುದು? ಈಗಲೇ ಮಗಳಿಗೆ ಹೇಳಿ, ಅವರ ಊರಿನಲ್ಲಿ ನೋವಿನ ಚಿಕಿತ್ಸೆ ಮಾಡುವ ವೈದ್ಯರನ್ನೋ, ಹೊರದೇಶದ ರೋಗಿಗಳನ್ನು ನೋಡುವ ಸಾಮಾನ್ಯ ವೈದ್ಯರನ್ನೋ ಗುರುತಿಸಲು ತಿಳಿಸಿ. ನೀವು ತಲುಪಿದ ಮೊದಲ ವಾರದಲ್ಲಿಯೇ ಭೇಟಿ ನಿಗದಿಯಾಗಿರಲಿ. ಮಾತ್ರೆ ಮುಗಿಯಲು ಮೂರು ದಿನವಿರುವಾಗ ಹೋಗುವ ಹೊಸ ರೋಗಿಯನ್ನು ಯಾವ ವೈದ್ಯರೂ ಸಂಶಯವಿಲ್ಲದೆ ನೋಡಲಾರರು, ಅದು ಅವರ ತಪ್ಪೂ ಅಲ್ಲ. ಮೂರು ವಾರದ ಔಷಧ ಕೈಯಲ್ಲಿರುವಾಗ, ದಾಖಲೆಗಳೊಂದಿಗೆ, ‘ಮುಂದಿನ ತಿಂಗಳಿಂದ ನನ್ನನ್ನು ನೋಡಿಕೊಳ್ಳುತ್ತೀರಾ’ ಎಂದು ಕೇಳುವವರ ಮಾತಿಗೆ ಬೆಲೆ ಬೇರೆ. ಅವರು ತಮ್ಮದೇ ಪರೀಕ್ಷೆಗಳನ್ನು ಮಾಡಿಸಬಹುದು, ಪ್ರಮಾಣವನ್ನು ಬದಲಿಸೋಣ ಎನ್ನಬಹುದು; ಅದಕ್ಕೆ ಮನಸ್ಸನ್ನು ಸಿದ್ಧಪಡಿಸಿಕೊಳ್ಳಿ. ನಿಮ್ಮ ಈಗಿನ ವೈದ್ಯರು ದೂರವಾಣಿಯಲ್ಲಿ ಸಲಹೆ ಕೊಡಬಹುದಾದರೂ, ಅವರ ಚೀಟಿಯನ್ನು ಇನ್ನೊಂದು ದೇಶದ ಔಷಧ ಅಂಗಡಿಯವರು ಸಾಮಾನ್ಯವಾಗಿ ಒಪ್ಪುವುದಿಲ್ಲ.

ವೈದ್ಯರಿಂದ ಪಡೆಯುವ ಪತ್ರ ಹೇಗಿರಬೇಕೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಎರಡು ಸಾಲಿನ ಪತ್ರ ಹಿಡಿದು ಹೋಗಿ ತೊಂದರೆಪಟ್ಟವರನ್ನು ನಾನು ಕಂಡಿದ್ದೇನೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ನಿಮ್ಮ ಹೆಸರು, ಕಾಯಿಲೆಯ ಹೆಸರು, ಎಷ್ಟು ಕಾಲದಿಂದ ಈ ಔಷಧದಲ್ಲಿದ್ದೀರಿ, ಪ್ರತಿ ಔಷಧದ ಮೂಲ ಹೆಸರು, ಮಿಲಿಗ್ರಾಂ, ದಿನಕ್ಕೆ ಎಷ್ಟು ಬಾರಿ, ಒಯ್ಯುತ್ತಿರುವ ಒಟ್ಟು ಮಾತ್ರೆಗಳ ಸಂಖ್ಯೆ, ಪ್ರಯಾಣದ ದಿನಾಂಕಗಳು, ವೈದ್ಯರ ನೋಂದಣಿ ಸಂಖ್ಯೆ ಮತ್ತು ಸಹಿ ಅದರಲ್ಲಿರಬೇಕು. ಕಂಪನಿಯ ಹೆಸರಿಗಿಂತ ಮೂಲ ಹೆಸರು ಮುಖ್ಯ, ಏಕೆಂದರೆ ಕಂಪನಿಯ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಜೊತೆಗೆ ‘ಹನ್ನೆರಡು ಗಂಟೆಗೊಮ್ಮೆ ಕೊಡುವ, ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ’ ಎಂಬುದನ್ನೂ ಬರೆಸಿ. ಇಪ್ಪತ್ತನಾಲ್ಕು ಗಂಟೆಗೊಮ್ಮೆ ಕೊಡುವ ಮಾರ್ಫಿನ್ನೂ ಇದೆ, ಬೇಗನೆ ಬಿಡುಗಡೆಯಾಗುವುದೂ ಇದೆ, ಒಂದರ ಜಾಗದಲ್ಲಿ ಇನ್ನೊಂದು ಸೇರಿದರೆ ಅಪಾಯ. ಮಾತ್ರೆಗಳು ಅಂಗಡಿಯ ಚೀಟಿ ಅಂಟಿಸಿದ ಮೂಲ ಪೊಟ್ಟಣದಲ್ಲಿಯೇ, ಕೈಚೀಲದಲ್ಲಿ, ನಿಮ್ಮ ಹತ್ತಿರವೇ ಇರಲಿ. ನನ್ನ ರೋಗಿಯೊಬ್ಬರು ಎಲ್ಲವನ್ನೂ ದೊಡ್ಡ ಪೆಟ್ಟಿಗೆಯಲ್ಲಿಟ್ಟಿದ್ದರು, ಪೆಟ್ಟಿಗೆ ಅವರನ್ನು ತಲುಪಿದ್ದು ನಾಲ್ಕು ದಿನಗಳ ನಂತರ. ಆ ನಾಲ್ಕು ದಿನ ಅವರು ಅನುಭವಿಸಿದ್ದನ್ನು ಕೇಳಿದ ಮೇಲೆ ಈ ಮಾತನ್ನು ನಾನು ಯಾರಿಗೂ ಹೇಳದೆ ಬಿಡುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಮಾತ್ರೆ ಮುಗಿಯುವ ಸ್ಥಿತಿ ಬಂದರೆ, ಮುಗಿಯುವವರೆಗೆ ಕಾಯದೆ ಅಲ್ಲಿನ ವೈದ್ಯರನ್ನು ಕಂಡು ಪ್ರಮಾಣವನ್ನು ಕ್ರಮೇಣ ಇಳಿಸುವ ವಿಧಾನವನ್ನು ಕೇಳಿ. ಪ್ರಿಗ್ಯಾಬಲಿನ್ ಅನ್ನೂ ಥಟ್ಟನೆ ನಿಲ್ಲಿಸಬಾರದು. ಎಲ್ಲವೂ ಮುಗಿದೇ ಹೋಗಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ ಇದ್ದದ್ದನ್ನು ಇದ್ದಂತೆ ಹೇಳಿ. ಚೀಟಿಯಿಲ್ಲದೆ ಮಾರುವ ಅಂತರ್ಜಾಲದ ಅಂಗಡಿಗಳಿಂದಾಗಲಿ, ಬೀದಿಯಲ್ಲಿ ಮಾರುವವರಿಂದಾಗಲಿ ಕೊಳ್ಳಬೇಡಿ; ನೋವಿನ ಮಾತ್ರೆಯಂತೆಯೇ ಕಾಣುವ ನಕಲಿ ಮಾತ್ರೆಗಳಲ್ಲಿ ಫೆಂಟನಿಲ್ ಬೆರೆತು ಜನ ಸತ್ತಿದ್ದಾರೆ.

ಇದರಲ್ಲಿ ಹೆಚ್ಚು ಮಂದಿಗೆ ಗೊತ್ತಿಲ್ಲದ ಅಪಾಯ ಇನ್ನೊಂದಿದೆ. ಕೆಲವು ದಿನ ಮಾರ್ಫಿನ್ ತಪ್ಪಿದರೆ ದೇಹಕ್ಕೆ ಅದನ್ನು ತಾಳಿಕೊಳ್ಳುವ ಶಕ್ತಿ ಕಡಿಮೆಯಾಗುತ್ತದೆ. ಔಷಧ ಸಿಕ್ಕ ಸಂತೋಷದಲ್ಲಿ ಹಳೆಯ ಪ್ರಮಾಣವನ್ನೇ ಮತ್ತೆ ಆರಂಭಿಸಿದರೆ ಉಸಿರಾಟ ನಿಧಾನವಾಗಿ ಪ್ರಾಣಕ್ಕೇ ಕುತ್ತು ಬರಬಹುದು, ಪ್ರಿಗ್ಯಾಬಲಿನ್ ಜೊತೆಗಿದ್ದರೆ ಆ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ನಡುವೆ ಬಿಟ್ಟುಹೋಗಿದ್ದರೆ ಎಷ್ಟರಿಂದ ಮತ್ತೆ ಆರಂಭಿಸಬೇಕೆಂದು ವೈದ್ಯರೇ ಹೇಳಬೇಕು. ಉಸಿರನ್ನು ಮರಳಿಸುವ ನಾಲೊಕ್ಸೋನ್ ಔಷಧ ಮೂಗಿಗೆ ಸಿಂಪಡಿಸುವ ರೂಪದಲ್ಲಿ ಸಿಗುತ್ತದೆ. ಅದನ್ನು ಬರೆಸಿಕೊಂಡು, ಬಳಸುವ ಬಗೆಯನ್ನು ಮಗಳಿಗೂ ತೋರಿಸಿಕೊಡಿ.

ಪ್ರಶ್ನೆ: ನನ್ನ ತಾಯಿಯವರಿಗೆ ಫೆಂಟನಿಲ್ ಪಟ್ಟಿಯನ್ನು ಮೂರು ದಿನಕ್ಕೊಮ್ಮೆ ಚರ್ಮಕ್ಕೆ ಅಂಟಿಸುತ್ತೇವೆ. ಎರಡು ತಿಂಗಳ ಪ್ರವಾಸ, ಗಡಿಯಾರ ಒಂಬತ್ತು ಗಂಟೆ ಬದಲಾಗುತ್ತದೆ. ಬದಲಿಸುವ ಸಮಯವನ್ನು ಹೇಗೆ ಲೆಕ್ಕ ಹಾಕಬೇಕು?

ಉತ್ತರ: ಊರಿನ ಗಡಿಯಾರವನ್ನು ನೋಡದೆ ಕಳೆದ ಗಂಟೆಗಳನ್ನು ಎಣಿಸಿ. ಹಳೆಯ ಪಟ್ಟಿ ಅಂಟಿಸಿದ ಮೇಲೆ 72 ಗಂಟೆ ಆದಾಗ ಹೊಸದನ್ನು ಅಂಟಿಸಿ, ಹಳೆಯದನ್ನು ತೆಗೆಯಲು ಮರೆಯಬೇಡಿ. ಅಲ್ಲಿ ಅದು ನಡುರಾತ್ರಿಯ ಹೊತ್ತಾದರೆ, ಹೊರಡುವ ಮೊದಲೇ ಸಮಯವನ್ನು ಸರಿಸುವ ಬಗೆಯನ್ನು ಅವರ ವೈದ್ಯರಿಂದ ಕೇಳಿಕೊಳ್ಳಿ. ಅಂಟಿಸಿದ ದಿನ ಮತ್ತು ಗಂಟೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎಣಿಕೆ ತಪ್ಪುವುದಿಲ್ಲ, ಎಷ್ಟು ಪಟ್ಟಿ ಉಳಿದಿವೆ ಎಂಬ ಲೆಕ್ಕವೂ ಅಲ್ಲೇ ಇರುತ್ತದೆ. ಹೊಸ ಚೀಟಿಯ ವ್ಯವಸ್ಥೆ ಮೇಲೆ ಹೇಳಿದಂತೆಯೇ.

ಪಟ್ಟಿಗೆ ಸಂಬಂಧಿಸಿದಂತೆ ಶಾಖದ ಬಗ್ಗೆ ಮಾತ್ರ ಎಚ್ಚರಿಸಬೇಕು. ಬಿಸಿನೀರಿನ ಚೀಲ, ಬಿಸಿನೀರಿನ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಕೂರುವುದು, ಬಿಸಿಲು, ಜ್ವರ ಇವೆಲ್ಲ ಪಟ್ಟಿಯಿಂದ ಔಷಧವನ್ನು ಬೇಗನೆ ರಕ್ತಕ್ಕೆ ಸೇರಿಸುತ್ತವೆ. ಪ್ರಯಾಣದಲ್ಲಿ ಜ್ವರ ಬಂದು ತಾಯಿಯವರು ಅತಿಯಾಗಿ ಮಂಪರಾದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಉಸಿರು ನಿಧಾನವಾಗಿದ್ದರೆ ಪಟ್ಟಿಯನ್ನು ತೆಗೆದು ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ತೆಗೆದ ಮೇಲೂ ಚರ್ಮದಲ್ಲಿ ಉಳಿದ ಔಷಧ ಹಲವು ಗಂಟೆಗಳ ಕಾಲ ಕೆಲಸ ಮಾಡುತ್ತಲೇ ಇರುತ್ತದೆ. ಬಳಸಿದ ಪಟ್ಟಿಯಲ್ಲಿಯೂ ಮಗುವಿಗೆ ಮಾರಕವಾಗುವಷ್ಟು ಫೆಂಟನಿಲ್ ಉಳಿದಿರುತ್ತದೆ. ತಂಗುವ ಕೋಣೆಯ ಕಸದ ಬುಟ್ಟಿಗೆ ಅದನ್ನು ಹಾಗೆಯೇ ಹಾಕದೆ, ಅಂಟು ಬದಿ ಒಳಗಿರುವಂತೆ ಮಡಚಿ, ಔಷಧ ಅಂಗಡಿಗೆ ಹಿಂದಿರುಗಿಸುವವರೆಗೆ ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿ, ಮಕ್ಕಳ ಕೈಗೆ ಎಟುಕದ ಕಡೆ ಇಟ್ಟುಕೊಳ್ಳಿ.